ಮಾವನವರು ಕಾರಿನಲ್ಲಿ ಕೂತು ನಡೆದದ್ದು

ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಯಲ್ಲಿ ನನ್ನನ್ನು ಏಮಾರಿಸುವವರು ಇನ್ನೂ ಹುಟ್ಟಿಲ್ಲ. ರೇಷ್ಮೆಗೂಡು ಕೊಂಡು ನೂಲು ಬಿಚ್ಚಿಸುವುದು ನನ್ನ ಕಸುಬು. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ, ಬೆರಳಲ್ಲಿ ಒತ್ತುತ್ತೇನೆ, ಕೊನೆಗೆ ರಾಶಿಯ ತಳಕ್ಕೆ ಕೈ ಹಾಕಿ ಒಂದು ಹಿಡಿ ಮೇಲೆತ್ತಿ ನೋಡುತ್ತೇನೆ. ಮೇಲಿನದು ಹೊಳೆಯುತ್ತದೆ ಅಂತ ತಳ ನೋಡದೆ ಕೊಂಡವನಲ್ಲ ನಾನು. ಇಂಥ ಕಣ್ಣಿರುವವನು ಒಂದು ಹಳೇ ಕಾರು ಕೊಳ್ಳುವುದಕ್ಕೆ ಯಾರನ್ನು ಕೇಳಬೇಕು?

ಕಾರು ಬೇಕಾಗಿದ್ದು ಸವಾರಿಗಲ್ಲ, ನಮ್ಮ ಮಾವನವರ ಬಾಯಿಂದ ಒಂದು ಒಳ್ಳೆ ಮಾತು ಹೊರಡಿಸುವುದಕ್ಕೆ. ಯಳಂದೂರಿನಲ್ಲಿ ಬೆಲ್ಲದ ಮಂಡಿ ನಡೆಸಿ ಈಗ ಮನೆಯಲ್ಲಿರುವ ಮಾವ, ಮದುವೆಯಾದಂದಿನಿಂದ ನನ್ನನ್ನು ಹೊಗಳಿದವರಲ್ಲ. ಮನೆ ಕಟ್ಟಿಸಿದೆ. "ಕಿಟಕಿ ಸಣ್ಣದಾಯ್ತು" ಎಂದರು. ಮಗಳು ಹುಟ್ಟಿದಳು. ತೊಟ್ಟಿಲಿಗೆ ಬಗ್ಗಿ ನೋಡಿ, "ಕಿವಿ ನಿಮ್ ಕಡೇದು" ಎಂದರು. ನನ್ನ ಷಡ್ಡಕ ಹೊಸ ಕಾರು ತಂದ ದಿನ ಮಾತ್ರ ಅದರ ಬಾಗಿಲು ತಟ್ಟಿ "ಪರ್ವಾಗಿಲ್ಲ" ಅಂದರಂತೆ. ಆ ಒಂದು "ಪರ್ವಾಗಿಲ್ಲ" ನನಗೂ ಬೇಕಾಗಿತ್ತು.

ಫೋನಿನಲ್ಲಿ ಹುಡುಕುವಾಗ ಉಡುಪಿ ಕಡೆಯ ಒಂದು ಬಿಳಿ ಕಾರು ಕಣ್ಣಿಗೆ ಬಿತ್ತು. ತಕ್ಷಣ ನನ್ನದೇ ಒಂದು ಸಿದ್ಧಾಂತ ಹೊಸೆದು ಹೆಂಡತಿ ಗೌರಿಗೆ ವಿವರಿಸಿದೆ.

"ನಮ್ ಕಡೆ ಗಾಡಿ ಧೂಳು ಕುಡ್ದು ಹಾಳಾಯ್ತದೆ. ಅಲ್ಲಿ ಧೂಳೆಲ್ಲದೆ? ಮಳೆ ಬಂದು ಗಾಡಿ ತಾನೇ ತೊಳ್ಕತದೆ. ಮಿಕ್ಕ ಟೈಮಲ್ಲಿ ಸಮುದ್ರದ ತಂಗಾಳಿ."

"ಕಾರು ತಂಗಾಳಿ ತಕಂಡು ಏನ್ ಮಾಡ್ತದ್ರೀ?" ಎಂದಳು. ವಾಹನಶಾಸ್ತ್ರ ಎಲ್ಲರಿಗೂ ತಿಳಿಯುವ ವಿಷಯವಲ್ಲ ಎಂದುಕೊಂಡು ಉಡುಪಿ ಬಸ್ಸು ಹತ್ತಿದೆ.

ಕಾರಿನ ಮಾಲೀಕರು ನಿವೃತ್ತ ಮೇಷ್ಟ್ರು. ಅಲೆಯ ಸದ್ದು ಅಂಗಳಕ್ಕೇ ಕೇಳುವಂಥ ಮನೆ. ನಾನು ಬಾಗಿಲು ಹಿಡಿದು ಅಲ್ಲಾಡಿಸಿದೆ, ಬಾನೆಟ್ಟನ್ನು ಬೆರಳಲ್ಲಿ ಒತ್ತಿದೆ, ಎಂಜಿನ್ನಿಗೆ ಕಿವಿಗೊಟ್ಟೆ. ಎಲ್ಲವೂ ಗಟ್ಟಿ, ಎಲ್ಲವೂ ಬೆಳ್ಳಗೆ.

"ಅಡಿಗೆ ಒಮ್ಮೆ ಬಗ್ಗಿ ನೋಡಿ ಮಾರಾಯ್ರೆ" ಎಂದರು ಮೇಷ್ಟ್ರು. "ನಮ್ಮದು ಕಡಲ ಬದಿ. ಉಪ್ಪುಗಾಳಿಗೆ ಕಬ್ಬಿಣ ಉಳಿಯುದಿಲ್ಲ. ಮತ್ತೆ ನೀವು ನನ್ನನ್ನು ಬೈಬಾರ್ದು."

ನಾನು ಉಟ್ಟಿದ್ದು ಬಿಳಿ ಪಂಚೆ. ಅದನ್ನುಟ್ಟು ಮರಳಲ್ಲಿ ಮಲಗಿ ಕಾರಿನ ಹೊಟ್ಟೆ ನೋಡುವುದು ಮರ್ಯಾದಸ್ಥರ ಲಕ್ಷಣವಲ್ಲ. "ನಿಮ್ ಮುಖ ನೋಡುದ್ರೆ ಸಾಕು ಮೇಷ್ಟ್ರೆ" ಎಂದುಬಿಟ್ಟೆ. ಅವರು ನನ್ನನ್ನು ಬಹಳ ಕನಿಕರದಿಂದ ನೋಡಿದರು. ಕಾರು ಬಿಟ್ಟುಕೊಡುವ ಸಂಕಟ ಇರಬೇಕು ಎಂದುಕೊಂಡೆ.

ಕಾರು ಬಂದ ಮರುದಿನ ಬೆಳಿಗ್ಗೆ ರಂಗೋಲಿ ಹಾಕಲು ಹೋದ ಗೌರಿ ಕಿರುಚಿಕೊಂಡಳು. ಕಾರಿನ ಕೆಳಗೆ ಕೆಂಪು ಪುಡಿ ಚೆಲ್ಲಿತ್ತು.

"ಯಾರೋ ಕುಂಕುಮ ಆಕವ್ರೆ ಕಣ್ರಿ. ಮಾಟನೇ ಇದು."

ಮಾಟಕ್ಕೆ ನಮ್ಮ ಕೊಳ್ಳೇಗಾಲಕ್ಕಿರುವ ಹೆಸರು ಗೊತ್ತಲ್ಲ. ನಾನೂ ನಂಬಿಬಿಟ್ಟೆ. ಗುಡಿಸಿದರೆ ಮಾರನೆಯ ದಿನ ಮತ್ತೆ ಕೆಂಪು ಪುಡಿ. ಷಡ್ಡಕನ ಮೇಲೂ ಒಂದು ಗಳಿಗೆ ಅನುಮಾನಪಟ್ಟೆ, ಸುಳ್ಳೇಕೆ ಹೇಳಲಿ. ಗೌರಿ ಕಲ್ಲುಪ್ಪು, ಮೆಣಸಿನಕಾಯಿ ಹಿಡಿದು ಕಾರಿಗೆ ನಿವಾಳಿಸಿದಳು. ಅದು ಸಾಲದೆಂದು ನಾನು ಒಂದು ಬಕೆಟ್ ನೀರಿಗೆ ಉಪ್ಪು ಕರಗಿಸಿ, ಕಾರಿನ ಅಡಿಗೆ ಮೂಲೆಮೂಲೆಗೂ ಎರಚಿದೆ. ಪುಡಿ ನಿಲ್ಲಲಿ ಎಂದು ದಿನಾ ಎರಚಿದೆ. ಅದು ನಿಲ್ಲಲೇ ಇಲ್ಲ. ಸಮುದ್ರ ಬಿಟ್ಟು ತಪ್ಪಿಸಿಕೊಂಡು ಬಂದಿದ್ದ ಕಾರಿಗೆ ನಾನು ಮನೆ ಬಾಗಿಲಲ್ಲೇ ಸಮುದ್ರ ಮಾಡಿಕೊಟ್ಟಿದ್ದೆ.

ಮಾಟಕ್ಕೆ ಕೊನೆಯ ಮದ್ದು ಮಾದಪ್ಪನೇ ಎಂದು, ಒಂದು ಸೋಮವಾರ ಮಾವನವರನ್ನೂ ಕರೆಸಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟೆವು. ಮಾವ ಕಾರನ್ನು ಒಂದು ಸುತ್ತು ಹಾಕಿದರು. ಬಾಗಿಲು ತಟ್ಟಲಿಲ್ಲ. ಮುಂದಿನ ಸೀಟಿನಲ್ಲಿ ಕೂತು ನಿಟ್ಟುಸಿರು ಬಿಟ್ಟರು.

"ನಡ್ಕಂಡ್ ಬತ್ತೀನಿ ಅಂತ ಅರಕೆ ಒತ್ತಿದ್ದೆ. ಕಾಲ್ ಮಂಡಿ ಓಯ್ತು. ಈಗ ಸೀಟ್ ಮೇಲೆ ಕುಂತ್ಕಂಡು ಓದ್ರೆ ಮಾದಪ್ಪ ಒಪ್ತಾನಾ?"

"ಅಳಿಯನ್ ಕಾರಲ್ವಾ ಅಪ್ಪಾ, ಒಪ್ತಾನೆ" ಎಂದಳು ಗೌರಿ ಹಿಂದಿನಿಂದ.

ಹನೂರಿನಲ್ಲಿ ಟೈರು ಪಂಕ್ಚರ್ ಆಯಿತು. ಮಾವನವರನ್ನೂ ಗೌರಿಯನ್ನೂ ಟೀ ಅಂಗಡಿಗೆ ಕಳಿಸಿ, ಪಂಕ್ಚರ್ ಅಂಗಡಿಯವನನ್ನು ಕರೆತಂದೆ. ಅವನು ಜಾಕ್ ಇಟ್ಟು ತಿರುಗಿಸಿದ. ಜಾಕ್ ಮೇಲೇರಿತು. ಕಾರು ಏರಲಿಲ್ಲ. ಇನ್ನೂ ತಿರುಗಿಸಿದ. ಕರಕರ ಸದ್ದಾಗಿ ಜಾಕ್ ಕಾರಿನೊಳಕ್ಕೇ ಹೋಯಿತು.

"ಸಾ, ಗಾಡಿ ಎಲ್ಲೀದು?"

"ಉಡುಪಿ ಕಡೇದು. ಯಾರೋ ಮಾಟ ಮಾಡ್ಸವ್ರೆ ಕಣಪ್ಪ, ಕೆಂಪು ಪುಡಿ ಉದುರ್ತದೆ."

ಅವನು ಬಗ್ಗಿ ನೋಡಿ ಎದ್ದ. "ಮಾಟ ಅಲ್ಲ ಸಾ, ತುಕ್ಕು."

"ವೆಲ್ಡಿಂಗ್ ಮಾಡ್ಸಿದ್ರೆ?"

"ವೆಲ್ಡಿಂಗ್ ಇಡ್ಕಳಕ್ಕೆ ಕಬ್ಬಿಣ ಬೇಕಲ್ವಾ ಸಾ. ಮೇಲೆ ಪೇಂಟ್ ಐತೆ ಅಷ್ಟೆ. ಇಲ್ಲಿಂದ್ಲೇ ತಿರುಗ್ಸಿ."

ತಿರುಗಿಸುವುದೆಂದರೆ ಮಾವನವರಿಗೆ ಕಾರಣ ಹೇಳಬೇಕು. ಹೇಗೋ ಮರದ ತುಂಡು ಕೊಟ್ಟು ಕಾರೆತ್ತಿಸಿ, ಟೈರು ಸರಿಮಾಡಿಸಿ, ತುಕ್ಕು ಕಾಣದ ಹಾಗೆ ಒಳಗಿನ ರಬ್ಬರ್ ಮ್ಯಾಟನ್ನು ಎಳೆದು ಸರಿಯಾಗಿ ಹಾಸಿದೆ. ಟೀ ಮುಗಿಸಿ ಬಂದ ಮಾವ "ಏನಾಯ್ತು?" ಎಂದರು. "ಗಾಳಿ ಕಮ್ಮಿ ಇತ್ತು ಮಾವ" ಎಂದೆ. ಗಾಳಿ ಜಾಸ್ತಿಯಾಗಿಯೇ ಇಷ್ಟೆಲ್ಲ ಆದದ್ದು.

ನಮ್ಮ ಮಾವನಿಗೆ ಒಂದು ಅಭ್ಯಾಸ. ಪಕ್ಕದಲ್ಲಿ ಕೂತು ತಾವೂ ಬ್ರೇಕ್ ಒತ್ತುತ್ತಾರೆ. ಅಲ್ಲಿ ಬ್ರೇಕ್ ಇಲ್ಲದಿದ್ದರೂ ಕಾಲು ಊರಿ ಒತ್ತುತ್ತಾರೆ. ಕೌದಳ್ಳಿಯ ಹತ್ತಿರ ಹಂಪ್ಸ್ ಕಂಡು ನಾನು ಬ್ರೇಕ್ ಒತ್ತಿದೆ. ಅವರೂ ಬಲವಾಗಿ ಒತ್ತಿದರು. ಹಪ್ಪಳ ಮುರಿದಂಥ ಸದ್ದು.

"ಅಳಿಯಂದ್ರೆ" ಎಂದರು ಮಾವ, ಮೆತ್ತಗಿನ ದನಿಯಲ್ಲಿ. "ನನ್ ಕಾಲು ರೋಡ್ ಮೇಲದೆ."

ತಿರುಗಿ ನೋಡಿದೆ. ಮ್ಯಾಟೂ ಇಲ್ಲ, ನೆಲವೂ ಇಲ್ಲ. ಒಂದು ಕಾಲು ಮೊಣಕಾಲಿನವರೆಗೆ ಮಾಯವಾಗಿದೆ. ಒತ್ತಿದ್ದ ಬ್ರೇಕನ್ನು ಗಾಬರಿಯಲ್ಲಿ ಬಿಟ್ಟುಬಿಟ್ಟೆ. ಕಾರು ತೆವಳುತ್ತಾ ಮುಂದೆ ಹೋಯಿತು. ಮಾವ ಕೂತಲ್ಲೇ ಒಂದು ಕಾಲಲ್ಲಿ ರಸ್ತೆಯ ಮೇಲೆ ಕುಂಟುತ್ತಾ ನಡೆದರು. ಚಪ್ಪಲಿ ಹಿಂದೆ ಉಳಿಯಿತು.

"ಅಯ್ಯೋ, ನಿಲ್ಸ್ರೀ, ಅಪ್ಪ ನಡೀತಾವ್ರೆ" ಎಂದು ಗೌರಿ ಕೂಗಿದ ಮೇಲೆಯೇ ನನಗೆ ಬುದ್ಧಿ ಬಂದದ್ದು.

ನಾಲ್ಕು ಜನ ಸೇರಿ ಮಾವನವರನ್ನು ಮೇಲಕ್ಕೆತ್ತಿದರು. ತರಚು ಗಾಯ ಬಿಟ್ಟರೆ ಏನೂ ಆಗಿರಲಿಲ್ಲ. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ನಾಚಿಕೆಯಿಂದ ಸತ್ತುಹೋಗಿದ್ದೆ. ಗೌರಿ ಆ ತೂತಿನಲ್ಲಿ ಒಮ್ಮೆ ಇಣುಕಿ, "ಗೂಡು ತಕಳ್ವಾಗ ತಳಕ್ಕೆ ಕೈ ಆಕ್ತಿದ್ರಲ್ಲ, ಅದು ಏನಾಯ್ತು?" ಎಂದು ಕೇಳಿದಳು.

ಕಾರನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಬೆಟ್ಟಕ್ಕೆ ಹೋದೆವು. ದರ್ಶನ ಮುಗಿಸಿ ಹೊರಬಂದಾಗ ಅವರ ಕಣ್ಣಲ್ಲಿ ನೀರಿತ್ತು. ನನ್ನ ಹೆಗಲ ಮೇಲೆ ಕೈಯಿಟ್ಟರು.

"ನನ್ ಅರಕೆ ತೀರ್ತು ಕಣಪ್ಪ. ಬೆಟ್ಟದ್ ದಾರೀಲಿ ಬರಿಗಾಲಲ್ಲಿ ನಡ್ಸೇಬುಟ್ಟ ಮಾದಪ್ಪ. ನಿನ್ ಕಾರು ಪರ್ವಾಗಿಲ್ಲ."



ಈಗ ಯಳಂದೂರಿನ ನೆಂಟರಿಷ್ಟರಿಗೆಲ್ಲ ಅವರು ಇದನ್ನೇ ಹೇಳುತ್ತಾರೆ. ಷಡ್ಡಕನ ಕಾರಿನ ಮಾತು ಎತ್ತುವುದಿಲ್ಲ. ಮೊನ್ನೆ ನಾನು ಹೇಗೋ ತಗಡು ಹೊಡೆಸಿ ತೂತು ಮುಚ್ಚಿಸಿ, ಹೆಮ್ಮೆಯಿಂದ ಅವರ ಮನೆ ಮುಂದೆ ಕಾರು ನಿಲ್ಲಿಸಿದೆ. ಮಾವ ಬಾಗಿಲು ತೆಗೆದು ಬಗ್ಗಿ ನೋಡಿದರು. ಮುಖ ಸಪ್ಪಗಾಯಿತು.

"ಯಾಕ್ ಮುಚ್ಚುಸ್ಬುಟ್ರಿ? ಅದೊಂದ್ ಚೆನ್ನಾಗಿತ್ತು."

ಇಷ್ಟು ವರ್ಷಕ್ಕೆ ಸಿಕ್ಕಿದ ಒಂದೇ ಹೊಗಳಿಕೆ, ಅದೂ ತೂತಿಗೆ. ಆ ತೂತು ಕೂಡ ಉಪ್ಪುಗಾಳಿಯದು, ನನ್ನದಲ್ಲ.