ಗುರುವಾರ ರಾಜ್ಯಾ ಕಳಕೊಳ್ಳೋ ಮೈದುನ

ನಮ್ಮ ಮೈದುನ ಒಂದು ರಾಜ್ಯಾ ಆಳತಿದ್ದ. ಸುಳ್ಳಲ್ಲ, ಪೂರಾ ಕೇಳ್ರಿ. ಶುಕ್ರವಾರ ಸುರು ಮಾಡಿ ಬುಧವಾರದ ತನಕಾ ಊರೂರು ಗೆಲ್ಲತಿದ್ದ. ಗುರುವಾರ ಮುಂಜಾನೆ ಎಲ್ಲಾ ಕಳಕೊಂಡು, ಅವಲಕ್ಕಿ ತಿಂದು, ಸೈಕಲ್ ಹತ್ತಿ ಖಡಕಿಗೆ ನೌಕರಿಗೆ ಹೋಗತಿದ್ದ. ರಾಜ್ಯಾ ಕಳಕೊಂಡ ರಾಜರು ಭಾಳ ಮಂದಿ ಆಗಿ ಹೋಗ್ಯಾರ. ಆದ್ರ ವಾರಾ ವಾರಾ ಕಳಕೊಂಡು, ಊಟದ ಡಬ್ಬಿ ಹಿಡಕೊಂಡು ಕೆಲಸಕ್ಕ ಹೋದ ರಾಜಾ ಇನ್ನೊಬ್ಬ ಇದ್ದಾನೇನು?

ಅವ ನಮ್ಮನಿಯವರ ತಮ್ಮ. ನಾ ಲಗ್ನಾಗಿ ಬಂದಾಗ ಅವಗ ಮೀಸಿ ಸುದ್ದಾ ಮೂಡಿದ್ದಿಲ್ಲ. ಈ ಆಟದ ಕಾಲಕ್ಕ ಮೀಸಿಯೊಳಗ ಬಿಳಿ ಕೂದಲಾ ಕಾಣಲಿಕತ್ತಿದ್ದವು. ಪುಣೆದ ಸದಾಶಿವ ಪೇಠದೊಳಗ ನಮ್ಮ ಎರಡು ಕೋಲಿ ಮನಿ. ನಾವು ಗಂಡಾ ಹೆಂಡತಿ, ಕಾಲೇಜಿಗೆ ಹೋಗೋ ಮಗಳು, ಮತ್ತ ಇವ. ಲಗ್ನ ಆಗಿದ್ದಿಲ್ಲ. ಯಾಕ ಆಗಿದ್ದಿಲ್ಲ ಅಂಬೋದೂ ಮುಂದ ಬರತದ.

ಅವನ ಸ್ವಭಾವನ ಸಾವಕಾಶ. ಧಾರವಾಡಕ್ಕ ಹೋಗೂದಿದ್ರ ಮಂದಿ ಲಗೂನ ಮುಟ್ಟೋ ಗಾಡಿ ಹುಡುಕತಾರ. ಇವ ಎಲ್ಲಾ ಸ್ಟೇಶನ್ನಿನ್ಯಾಗೂ ನಿಲ್ಲೋ ಪ್ಯಾಸೆಂಜರ್ ಹುಡುಕತಿದ್ದ. "ಅದರಾಗ ಹೆಚ್ಚು ಹೊತ್ತು ಕೂಡಲಿಕ್ಕೆ ಸಿಗತದಲ್ಲ ವೈನಿ" ಅಂತಿದ್ದ. ಅವ ಒಂದು ಭಕ್ಕರಿ ತಿಂದು ಮುಗಿಸೋದ್ರಾಗ ನಾ ಎಲ್ಲಾರ ಭಾಂಡಿ ತಿಕ್ಕಿ, ಒರಸಿ, ಡಬ್ಬ ಹಾಕಿ, ಅವನ ಗಂಗಾಳದ ಸಲುವಾಗಿ ಕೈ ಒದ್ದಿ ಮಾಡಿಕೊಂಡು ನಿಂದರತಿದ್ದೆ. ಇಂಥವನ ಕೈಗೆ ಉದ್ದನ ಆಟ ಸಿಕ್ಕರ ಏನಾದೀತು, ನೀವ ಹೇಳ್ರಿ.

ಆಟ ತಂದದ್ದು ಅವಗಲ್ಲ, ಮಗಳಿಗೆ. ಟೀವಿಗೆ ಹಚ್ಚೋ ವಿಡಿಯೋ ಗೇಮಿನ ಡಬ್ಬಿ. ಒಬ್ಬ ಸಣ್ಣ ರಾಜಕುಮಾರ, ಗುಬ್ಬಿಯಷ್ಟ ಇದ್ದಾನ, ಸೊಂಟಕ್ಕ ಕತ್ತಿ. ಊರಿಂದ ಊರಿಗೆ ನಡೀತಾನ, ರಾಕ್ಷಸರನ್ನ ಹೊಡೀತಾನ, ಒಂದೊಂದ ಕಲ್ಲಿನ ಕೋಟಿ ಗೆಲ್ಲತಾನ. ಯಾರ ಮನಿಗೆ ಹೋದ್ರೂ ಚಪ್ಪಲಿ ಕಳೀದ ಒಳಗ ಹೊಕ್ಕು, ಮಂದಿ ಗಡಿಗಿಯೊಳಗ ಇಣಕಿ ನೋಡಿ, ಸಿಕ್ಕದ್ದನ್ನ ಚೀಲದಾಗ ಹಾಕ್ಕೊಂಡು ಹೊರಗ ಬರತಾನ. ಅವಗ ರಾಜಕುಮಾರ ಅಂತ ಹೆಸರು. ನಮ್ಮ ಪೇಠದಾಗ ಹಂಗ ಮಾಡಿದ್ರ ಬ್ಯಾರೆ ಹೆಸರದ.

ಮಗಳು ನಾಕ ದಿನಾ ಆಡಿದಳು. "ಅವ್ವಾ, ಇದು ಮುಗಿಯೂದ ಇಲ್ಲ, ಬ್ಯಾಸರಾತು" ಅಂತ ಬಿಟ್ಟಳು. ಆಕಿ ಬಿಟ್ಟ ಕಾರಣಕ್ಕನ ಇವ ಹಿಡದ.

ನನಗ ಆಟ ಅಂದ್ರ ಚೌಕಾಬಾರಾ. ಮಧ್ಯಾಹ್ನ ಊಟಾ ಆದ ಮ್ಯಾಲೆ ಕವಡಿ ತಗೊಂಡು ಕೂತ್ರ ಚಹಾದ ಹೊತ್ತಿಗೆ ಒಬ್ಬಾಕಿ ಗೆದ್ದಿರಬೇಕು, ಒಬ್ಬಾಕಿ ಮಾರಿ ಗಂಟ ಹಾಕ್ಕೊಂಡಿರಬೇಕು. ಅದು ಆಟ. ವಾರಗಟ್ಟಲೆ ನಡಿಯೂದು ಆಟಲ್ಲ, ಬ್ಯಾನಿ. ಅವಗ ಹಂಗ ಅಂದೆ.

"ಸಣ್ಣ ಆಟ ಮುಗದ ಮ್ಯಾಲೆ ಏನು ಮಾಡೂದ್ರಿ ವೈನಿ?" ಅಂದ.

"ಎದ್ದು ಗಿರಣಿಗೆ ಹೋಗಿ ಜ್ವಾಳಾ ಬೀಸಿಕೊಂಡು ಬರೂದು."

"ಅದಕ್ಕ ನೋಡ್ರಿ, ಉದ್ದನ ಆಟ ಚಲೋ" ಅಂದ. ಗಿರಣಿಗೆ ನಾನ ಹೋದೆ.

ಇನ್ನ ಆ ಡಬ್ಬಿಯ ಸಂಗತಿ. ಅಸಲಿ ಡಬ್ಬಿಗೆ ಆಟ ನೆನಪಿಟ್ಟುಕೊಳ್ಳೋ ವ್ಯವಸ್ಥಾ ಇರತದಂತ. ಇವತ್ತ ಬಂದ್ ಮಾಡಿದ್ರ ನಾಳೆ ಅಲ್ಲಿಂದನ ಮುಂದ ಆಡಬಹುದಂತ. ನಮ್ದು ನಕಲಿ. ಕರೆಂಟ್ ಹೋತೋ, ಎಲ್ಲಾ ಮರತಬಿಡತದ, ಮತ್ತ ಮೊದಲಿಂದ. ಅದಕ್ಕ ಇವ ಟೀವಿ ಬಂದ್ ಮಾಡತಿದ್ದ, ಡಬ್ಬಿ ಮಾತ್ರ ರಾತ್ರಿ ಹಗಲಿ ಚಾಲೂ. ಅದರ ಮ್ಯಾಲೆ ಹಳೇ ಧೋತರದ ತುಂಡು ಹೊಚ್ಚಿದ. ಯಾರೂ ಮುಟ್ಟಬಾರದು, ದಾಟಬಾರದು, ವಾಯರಿಗೆ ಕಾಲು ತಾಗಬಾರದು. ನಮ್ಮ ಅತ್ತಿಯವರು ಇದ್ದಾಗ ಒಣಗಹಾಕಿದ ಮಡಿ ಅರಬಿಗೂ ಇಷ್ಟು ಕಾವಲು ಇದ್ದಿಲ್ಲ. ಕಸಾ ಹೊಡಿಯೋ ಬಾಯಿ ಅಂತೂ ಆ ಮೂಲಿಗೆ ಹೋಗೂದ ಬಿಟ್ಟಳು. ಧೂಳಾ ಯಾಕ ಅದ ಅಂತ ಕೇಳಿದ್ರ, "ವಹಿನೀ, ಮೀ ಹಾತ್ ಸುದ್ಧಾ ಲಾವಲಾ ನಾಹೀ" ಅಂತಿದ್ದಳು. ಕೈ ಸುದ್ದಾ ಹಚ್ಚಿಲ್ಲಂತ. ಹಚ್ಚಬೇಕು ಅಂತನ ಆಕಿಗೆ ಪಗಾರ ಕೊಡೂದು.

ನಾ ಒಂದು ದಿನಾ ಆ ಡಬ್ಬಿ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಪುಣೆದ ಥಂಡಿಯೊಳಗ ನನ್ನ ಮೊಸರು ಹೆಪ್ಪಾಗತಿದ್ದಿಲ್ಲ. ಕಂಬಳಿ ಸುತ್ತಿ ನೋಡಿದ್ದೆ, ಹಿಟ್ಟಿನ ಡಬ್ಬಿಯೊಳಗ ಇಟ್ಟು ನೋಡಿದ್ದೆ, ಆಗಿದ್ದಿಲ್ಲ. ಅವತ್ತ ಹೆಪ್ಪ ಹಾಕಿದ ಪಾತೇಲಿ ತಂದು ಆಟದ ಡಬ್ಬಿ ಮ್ಯಾಲೆ ಇಟ್ಟೆ. ಮರುದಿನಾ ಕೊರದು ತಗೀಬೇಕು, ಅಂಥಾ ಮೊಸರು!

ಅವ ನೋಡಿದ. ಪಾತೇಲಿ ನೋಡಿದ, ನನ್ನ ನೋಡಿದ. "ಚೆಲ್ಲೂದಿಲ್ಲಲ್ರಿ?" ಅಂದ.

"ನೀ ಕುಣೀಲಿಲ್ಲ ಅಂದ್ರ ಚೆಲ್ಲೂದಿಲ್ಲ."

ಅವತ್ತಿನಿಂದ ಅವನ ರಾಜ್ಯಾ, ನನ್ನ ಮೊಸರು, ಎರಡೂ ಒಂದ ಡಬ್ಬಿ ಮ್ಯಾಲೆ ನಡದವು.

ನಡುವ ಗುರುವಾರ ಅದಲ್ಲ! ನಮ್ಮ ಭಾಗದಾಗ ಗುರುವಾರ ತಂತಿ ರಿಪೇರಿ ಅಂತ ಮುಂಜಾನಿಂದ ಕರೆಂಟ್ ತಗೀತಿದ್ದರು. ಫ್ಯಾನ್ ನಿಲ್ಲತಿತ್ತು, ಮಿಕ್ಸರ್ ನಿಲ್ಲತಿತ್ತು, ರಾಜಕುಮಾರ ಸಾಯತಿದ್ದ. ಗುರುವಾರ ನಮ್ಮನಿಯೊಳಗ ರಾಜ್ಯಾನೂ ಇಲ್ಲ, ಮೊಸರೂ ಇಲ್ಲ. ಇವ ಯಾರಿಗೂ ಬೈತಿದ್ದಿಲ್ಲ. ಬೈದಿದ್ರ ಚಲೋ ಇತ್ತು. ಸುಮ್ಮನ ಧೋತರದ ತುಂಡು ಮಡಚಿ ಇಟ್ಟು, ಶುಕ್ರವಾರ ಕೆಲಸದಿಂದ ಬಂದು ಮಾರಿ ತೊಳಕೊಂಡು ಮತ್ತ ಮೊದಲನೇ ಊರಿನಿಂದ ನಡೀಲಿಕ್ಕೆ ಸುರು ಮಾಡತಿದ್ದ.

"ಒಂದು ಇನ್ವರ್ಟರ್ ತಗೊಂಡ್ರ ಮುಗೀತಲ್ಲೋ" ಅಂದ್ರು ನಮ್ಮನಿಯವರು.

ಯಾವ ಇನ್ವರ್ಟರ್ ಚಲೋ ಅಂತ ಅವ ವಿಚಾರ ಮಾಡಲಿಕ್ಕೆ ಸುರು ಮಾಡಿದ. ಈಗೂ ಮಾಡಲಿಕತ್ತಾನ.

ನಾ ಅಕ್ಕಿ ಆರಿಸಿಕೋತ ಹಿಂದ ಕೂತು ನೋಡತಿದ್ದೆ. ನೋಡೂದಿಲ್ಲ ಅಂದ್ರ ಎಲ್ಲಿ ಹೋಗಬೇಕು, ಇರೂದ ಎರಡು ಕೋಲಿ. ಪರದೆ ಮ್ಯಾಲೆ ಅಕ್ಷರಾ ಬರತಿದ್ದವು, ಚೀನಾದವೋ ಜಪಾನದವೋ. ಅವ ಬಿ.ಎ., ನಾ ಮೂರನೇತ್ತಾ. ಇಬ್ಬರಿಗೂ ಓದಲಿಕ್ಕೆ ಬರತಿದ್ದಿಲ್ಲ. ಹಿಂಗಾಗಿ ಆ ಡಬ್ಬಿ ಮುಂದ ನಾವಿಬ್ಬರೂ ಸರಿಸಮಾ. ಒಂದು ಮಾತ್ರ ನನಗ ತಡಕೊಳ್ಳಲಿಕ್ಕೆ ಆಗತಿದ್ದಿಲ್ಲ. ಆ ರಾಜ್ಯದಾಗ ಗಾಯಕ್ಕ ಹಚ್ಚೋ ಔಷಧದ ಎಲಿ ಮಾರತಿದ್ದರು. ಇವ ತಗೋತಿದ್ದಿಲ್ಲ. ಇದ್ದ ರೊಕ್ಕದಾಗ ಕತ್ತಿ ತಗೊಂಡು, ಖಾಲಿ ಚೀಲಾ ಜೋತು ಬಿಟಗೊಂಡು, ರಾಕ್ಷಸರ ಮುಂದ ಹೋಗಿ ನಿಂತು ಹೊಡಿಸಿಕೊಂಡು ಬರತಿದ್ದ.

"ಚೀಲದಾಗ ಎರಡು ಎಲಿ ಇಟ್ಟುಕೋ ಅಂದ್ರ ಯಾಕ ಕೇಳೂದಿಲ್ಲೋ?"

"ಅದನ್ನ ತಗೋಲಿಕ್ಕೆ ಮತ್ತ ಊರೊಳಗ ಹೋಗಬೇಕಲ್ರಿ, ಹೊತ್ತು ಹೋಗತದ."

ಊಟಕ್ಕ ಕೂತ್ರ ಏಳದ ಮನಷ್ಯಾಗ ಅಲ್ಲಿ ಮಾತ್ರ ಗಡಿಬಿಡಿ.

ಹಡಪಸರದೊಳಗ ಒಂದು ಹುಡುಗೀನ್ನ ನೋಡಲಿಕ್ಕೆ ಹೋದದ್ದು ಇದ ಕಾಲಕ್ಕ. ಬೆಳಗಾವಿ ಕಡೆ ಮಂದಿ, ಒಳ್ಳೇ ಮನಿತನ. ಹುಡುಗಿನೂ ವಯಸ್ಸಾದಾಕಿ, ಸಾಲಿಯೊಳಗ ಕಲಸತಿದ್ದಳು. ಆಕಿ ಅಪ್ಪ, "ಕೆಲಸ ಬಿಟ್ಟು ಮತ್ತೇನು ಹವ್ಯಾಸ ಅದರಿ ನಿಮಗ?" ಅಂತ ಕೇಳಿದ್ರು. ಸುಮ್ಮನಿರು ಅಂತ ನಾ ಕಣ್ಣು ತಗದೆ. ಇವ ನೋಡಲಿಲ್ಲ. ಆಟದ ಕಥಿ ಶುಕ್ರವಾರದಿಂದ ಸುರು ಮಾಡಿದ. ಶನಿವಾರದ ಕೋಟಿಗೆ ಬರೂದ್ರೊಳಗ ಉಪ್ಪಿಟ್ಟು ಮುಗೀತು. ರವಿವಾರ ಹೊಳಿ ದಾಟೂದ್ರೊಳಗ ಎರಡನೇ ಸಲದ ಚಹಾ ಆತು. ಆಕಿ ಅವ್ವ ಎದ್ದು ದೇವರಿಗೆ ದೀಪಾ ಹಚ್ಚಿ ಬಂದಳು. ಆಗ ಹುಡುಗಿ ಒಂದ ಮಾತು ಕೇಳಿದಳು. "ಕಡೀಕ ಏನಾಗತದ್ರಿ?"

"ಗೊತ್ತಿಲ್ರಿ. ಅಷ್ಟರೊಳಗ ಗುರುವಾರ ಬರತದ" ಅಂದ.

ಹುಡುಗ ಬಂಗಾರದಂಥವ, ಆದ್ರ ನಮ್ಮ ಹುಡುಗಿಗೆ ಅಷ್ಟು ತಾಳ್ಮಿ ಇಲ್ಲ ಅಂತ ಹೇಳಿ ಕಳಿಸಿದ್ರು. ಇವ ಬ್ಯಾಸರಾ ಮಾಡಿಕೊಳ್ಳಲಿಲ್ಲ. ಆದ್ರ ಆಕಿ ಕೇಳಿದ ಮಾತು ಇವನ ತಲಿಯೊಳಗ ಕೂತುಬಿಟ್ಟಿತು. "ಖರೇನ ಕಡೀಕ ಏನದನೋ ಏನೋ ವೈನಿ. ಒಂದ ಸಲ ತುದಿ ಮುಟ್ಟಿ ನೋಡಬೇಕು" ಅಂತ ಭಕ್ಕರಿ ಮುರಕೋತ ಅಂತಿದ್ದ. ಅಲ್ಲಿತನಕಾ ಉದ್ದ ಇದ್ದದ್ದನ ಸಾಕಾಗಿತ್ತು ಅವಗ. ಈಗ ತುದಿ ಬೇಕಾತು.

ಪುಣೆದಾಗ ಗಣಪತಿ ಕೂತಿರೋ ತನಕಾ ಕರೆಂಟ್ ತಗಿಯೂದಿಲ್ಲ. ಆ ವರ್ಷ ಇವ ಗಣಪತಿ ಕೂಡೂದನ್ನ ನಮ್ಮ ಓಣಿ ಹುಡುಗರಕಿಂತ ಹೆಚ್ಚು ಕಾದ. ಆರತಿ ನಡದಿತ್ತು, ಹೊರಗ ಢೋಲು, ಒಳಗ ಇವ. ಗುರುವಾರ ಬಂತು, ಕರೆಂಟ್ ಹೋಗಲಿಲ್ಲ. ರಾಜಕುಮಾರ ಬುಧವಾರದ ಸೇತುವಿ ದಾಟಿದ. ಅದರಾಚೆ ಏನದ ಅಂತ ನಾವ್ಯಾರೂ ನೋಡಿದ್ದಿಲ್ಲ. ಕರೇ ಸಮುದ್ರಾ ಇತ್ತು, ಬರ್ಫದ ಗುಡ್ಡ ಇತ್ತು. ಆ ಗುಡ್ಡದ ಮ್ಯಾಲೆ ಕಡೀ ಕೋಟಿ.

ಕೋಟಿ ಬಾಗಲದಾಗ ರಾಜಕುಮಾರನ್ನ ನಿಲ್ಲಿಸಿ, ಇವ ಹೊಟ್ಟಿ ಹಿಡಕೊಂಡು ಕೆಳಗ ಕೂತ.

ಪಿತ್ತಕೋಶದಾಗ ಕಲ್ಲಂತ. ದವಾಖಾನಿಗೆ ಒಯ್ದರ ಡಾಕ್ಟರರು ಈಗಿಂದೀಗ ಆಪರೇಶನ್ ಆಗಬೇಕು ಅಂದ್ರು. "ಒಂದು ಕೆಲಸಾ ಮುಗಿಸಿ ಬಂದ್ರ ನಡೀತದೇನ್ರಿ?" ಅಂತ ಕೇಳಿದ. ಎಷ್ಟೊತ್ತಿನ ಕೆಲಸಾ ಅಂತ ಅವರು ಕೇಳಿದ್ರು. "ಹೇಳಲಿಕ್ಕೆ ಆಗೂದಿಲ್ರಿ" ಅಂದ. ಅವರು ಮುಂದ ಕೇಳಲಿಲ್ಲ, ಒಳಗ ಕರಕೊಂಡು ಹೋದ್ರು.

ಆಪರೇಶನ್ ಆತು. ಜ್ವರಾ ಮಾತ್ರ ಬಿಡಲಿಲ್ಲ. ಇಂಜೆಕ್ಷನ್ ಬದಲಿ ಮಾಡಿದ್ರು, ಮತ್ತ ಬದಲಿ ಮಾಡಿದ್ರು. ನಮ್ಮನಿಯವರು ಡಾಕ್ಟರರ ಕೂಡ ಮಾತಾಡಿ ಬಂದು ನನ್ನ ಮಾರಿ ನೋಡತಿದ್ದಿಲ್ಲ. ಇವ ಕಣ್ಣು ತಗದ್ರ ಒಂದ ಪ್ರಶ್ನಿ. "ವೈನಿ, ಡಬ್ಬಿ?"

"ಅದ. ಮೊಸರನ್ನ ತಂದೀನಿ, ತಿನ್ನು."

ತುಟಿಗೆ ಹಚ್ಚಿ ನೋಡಿ ಗೋಣು ಹಾಕತಿದ್ದ. ಮೊಸರು ಗಟ್ಟಿ ಇದ್ದರ ಡಬ್ಬಿ ಬೆಚ್ಚಗದ, ಡಬ್ಬಿ ಬೆಚ್ಚಗಿದ್ದರ ರಾಜಕುಮಾರ ಬಾಗಲದಾಗ ನಿಂತಾನ. ಲೆಕ್ಕ ಸರಿ. ನಾಕ ತುತ್ತು ಹೊಟ್ಟಿಗೆ ಹೋಗತಿತ್ತು.

ಗಣಪತಿ ಹೊಳಿಗೆ ಹೋದ. ಅವನ ಹಿಂದ ಗುರುವಾರ ಬಂತು, ಕರೆಂಟ್ ಹೋತು.

ಅವತ್ತ ಅಂಗಡಿ ಮೊಸರು ತಂದು, ಅನ್ನ ಕಲಸಿ ಒಯ್ದೆ. ಒಂದು ತುತ್ತು ತಿಂದ. ಚಮಚಾ ಕೆಳಗಿಟ್ಟು ಗ್ವಾಡಿ ಕಡೆ ಮಾರಿ ಮಾಡಿ ಮಲಕೊಂಡ. ಎಷ್ಟು ಕರದ್ರೂ ಈ ಕಡೆ ಹೊಳ್ಳಲಿಲ್ಲ. ಆಟ ಹೋದ್ರ ಹೋಗಲಿ, ನನಗೇನು. ಆದ್ರ ಜ್ವರದ ಮನಷ್ಯಾ ಉಣ್ಣದ ಗ್ವಾಡಿ ಕಡೆ ಮಾರಿ ಮಾಡೂದು ನನಗ ಸೇರಲಿಲ್ಲ.

ಮರುದಿನಾ ಮನಿಯವರು ಕೆಲಸಕ್ಕ ಹೋದ ಮ್ಯಾಲೆ ಸೆರಗು ಸಿಕ್ಕಿಸಿಕೊಂಡು ಡಬ್ಬಿ ಮುಂದ ಕೂತೆ.

ಮೊದಲನೇ ದಿನಾ ರಾಜಕುಮಾರ ಬರೇ ಗ್ವಾಡಿಗೆ ಹಾದ. ಮಗಳು ಬಾಗಲದಾಗ ನಿಂತು ನಕ್ಕಳು. "ಅವ್ವಾ, ಬಾಗಲಾ ಆ ಕಡೆ ಅದ." ಬಾಗಲಾ ಎಲ್ಲದ ಅಂತ ನನಗ ಗೊತ್ತಿತ್ತು, ನನ್ನ ಬೆರಳಿಗೆ ಗೊತ್ತಿದ್ದಿಲ್ಲ. ಉಳದದ್ದೆಲ್ಲಾ ನನಗ ಬಾಯಿಪಾಠ. ಶುಕ್ರವಾರದ ಊರು ಎಷ್ಟು ಸಲ ನೋಡೀನಿ! ಕೆಂಪು ಮಾಳಿಗಿ ಮನಿಯೊಳಗ ಮುದುಕ, ಬಾವಿ ಹಿಂದ ಕೀಲಿಕೈ. ಅಕ್ಷರಾ ಬರದಿದ್ದರ ಏನಾತು? ನಾ ಪುಣೆಕ್ಕ ಬಂದ ಹೊಸದರಾಗ ಬಸ್ಸಿನ ಪಾಟಿ ಓದಿ ಹತ್ತೀನೇನು? ಮಂದಿ ಎಲ್ಲಿ ಇಳೀತಾರ ನೋಡಿ ಇಳದಾಕಿ.

ಅವಸರಾ ಮಾಡಲಿಲ್ಲ. ಯಾವ ಊರು ಬಿಡೂದಿದ್ರೂ ಬುತ್ತಿ ಕಟ್ಟಿಕೊಳ್ಳದ ಬಿಟ್ಟಾಕಿ ಅಲ್ಲ ನಾ. ಪ್ರತಿ ಊರಾಗ ಎಲಿ ತಗೊಂಡೆ. ಭಾಂಡಿ ತಣ್ಣಗ ಬಿದ್ದಿರತಿದ್ದವು. ನಮ್ಮನಿಯವರು ಸಂಜಿಗೆ ಬಂದು ನನ್ನ ನೋಡಿ, ಏನೂ ಕೇಳದ ತಾವ ಚಹಾ ಮಾಡಿಕೊಂಡು ನನಗೂ ಒಂದು ಕಪ್ಪು ಇಟ್ಟರು. ಲಗ್ನಾದಾಗಿನಿಂದ ಅದ ಮೊದಲು.

ದವಾಖಾನಿಗೆ ಮತ್ತ ಮನಿ ಮೊಸರು ಹೋತು. ತುಟಿಗೆ ಹಚ್ಚಿ ನನ್ನ ನೋಡಿದ. ಮೊಸರಿನ ಸಲುವಾಗಿ ಡಬ್ಬಿ ಹಚ್ಚ್ಯಾಳ ಅಂತ ತಿಳಕೊಂಡಿರಬೇಕು. ಆದ್ರ ತಿಂದ. ಜ್ವರಾ ಇಳೀತು.

ಬುಧವಾರ ಮನಿಗೆ ಬಂದ. ಅರ್ಧಾ ಆಗಿದ್ದ ಮನಷ್ಯಾ, ಗ್ವಾಡಿ ಹಿಡಕೊಂಡು ಒಳಗ ಬಂದು ಡಬ್ಬಿ ಮುಂದ ಕೂತು ಟೀವಿ ಹಚ್ಚಿದ. ಮೊದಲನೇ ಊರು ಕಾಣತದ ಅಂತ ಇತ್ತು ಅವನ ಮಾರಿ ಮ್ಯಾಲೆ. ಕಂಡದ್ದು ಬುಧವಾರದ ಸೇತುವಿ. ಅಲ್ಲಿಂದ ಮುಂದ ನಾ ಒಂದ ಸಲ ನೋಡಿದ್ದೆ, ಹಾದಿ ನೆನಪಿದ್ದಿಲ್ಲ. ನಿಂತುಬಿಟ್ಟಿದ್ದೆ.

ನಾ ಅಡಗಿ ಮನಿಯಿಂದ ಹೊರಗ ಬರಲಿಲ್ಲ. ಒಗ್ಗರಣಿ ಇಟ್ಟಿದ್ದೆ.

ಹೊರಗಿನ ಕೋಲಿಯಿಂದ, "ವೈನಿ, ಚೀಲದ ತುಂಬ ಎಲಿ ಅವ" ಅಂದ.

"ಇರಲಿ. ಹಳಸೂದಿಲ್ಲಲ್ಲ."

"ಇಷ್ಟು ಯಾರು ತಗೋತಾರ್ರಿ?"

"ಸಾಯಬಾರದು ಅಂಬಾಕಿ ತಗೋತಾಳ" ಅಂದೆ. ಒಗ್ಗರಣಿ ಹೊತ್ತಿತ್ತು. ಎರಡನೇ ಸಲ ಇಡಬೇಕಾತು.

ಅವ ಮುಂದ ಆಡಲಿಲ್ಲ. ರಾಜಕುಮಾರನ್ನ ಸೇತುವಿ ಮ್ಯಾಲೆ ಹಂಗ ಬಿಟ್ಟು ಉಂಡ. ನನಗಿಂತ ಮೊದಲ ಉಂಡು ಎದ್ದ, ಗಂಗಾಳಾ ತಾನ ತಂದು ಮೋರಿಯೊಳಗ ಇಟ್ಟ.

ಮರುದಿನಾ ಗುರುವಾರ. ಮುಂಜಾನೆ ಇಬ್ಬರೂ ಡಬ್ಬಿ ಹತ್ತಿರ ಕೂತಿದ್ವಿ, ಮ್ಯಾಲೆ ಇನ್ನೂ ಪೂರಾ ಹೆಪ್ಪಾಗದ ಮೊಸರಿನ ಪಾತೇಲಿ.

"ಕಡೀಕ ಏನದ ಅಂತ ಗೊತ್ತಾಗಲೇ ಇಲ್ಲಲ್ಲೋ" ಅಂದೆ.

"ಮುಂದಿನ ಗಣಪತಿಗೆ ನೋಡೂಣ್ರಿ. ಚೀಲಾ ನೀವು ತುಂಬ್ರಿ, ನಾ ನಡೀತೀನಿ."

ಮ್ಯಾಲೆ ಫ್ಯಾನ್ ನಿಂತಿತು. ಅವ ಪಾತೇಲಿ ಬಾಜೂಕ ಧೋತರದ ತುಂಡು ಸರಿಸಿ ಡಬ್ಬಿ ಮ್ಯಾಲೆ ಕೈ ಇಟ್ಟ.

"ಇನ್ನೂ ಬೆಚ್ಚಗದ್ರಿ" ಅಂದ.

ನಾ ಪಾತೇಲಿ ತಗೀಲಿಲ್ಲ.