ಕ್ಲಸ್ಟರಿನ ಕೀ ಪೂಜೆಗೆ ಕೂತದ್ದು

ಮನೆಯಲ್ಲಿ ಕೂತು ಕಂಪ್ಯೂಟರ್ ಕೆಲಸ ಮಾಡುವವರಿಗೆ ಬರುವ ಫಜೀತಿಗಳಲ್ಲಿ ಅರ್ಧ ಕಂಪ್ಯೂಟರಿನದ್ದು, ಅರ್ಧ ಮನೆಯದ್ದು. ನನಗೆ ಎರಡೂ ಒಟ್ಟಿಗೇ ಬಂದವು. ವಿದ್ಯಾನಗರದಲ್ಲಿ ಜನರ ಅರ್ಜಿ ಟೈಪ್ ಮಾಡಿಕೊಡುತ್ತಿದ್ದ ನಾನು ಏನೇನೋ ಕಲಿತು ಕೊಚ್ಚಿಯ ಒಂದು ಕಂಪೆನಿಗೆ ಸೇರಿದ್ದೆ. ಮೂರು ತಿಂಗಳು ಪರೀಕ್ಷೆ, ಪಾಸಾದರೆ ಖಾಯಂ. ಎಲ್ಲೋ ದೂರದ ಕಂಪ್ಯೂಟರ್‌ಗಳ ಗುಂಪಿನಲ್ಲಿ, ಕಂಟೇನರ್ ಎಂಬ ಕಣ್ಣಿಗೆ ಕಾಣದ ಡಬ್ಬಿಗಳೊಳಗೆ ಅವರ ಕೆಲಸವೆಲ್ಲ ಓಡುತ್ತಿರುತ್ತದೆ. ಆ ಗುಂಪಿಗೆ ಕ್ಲಸ್ಟರ್ ಎನ್ನುತ್ತಾರೆ. ಮಂಜೇಶ್ವರದ ನಮ್ಮ ಚಾವಡಿಯಿಂದ ಅದರೊಳಗೆ ಹೋಗಿ ತೋರಿಸಿದರೆ ಕೆಲಸ ನನ್ನದು.

೧. ಚಿತ್ರ ಇಲ್ಲದ ಕಂಪ್ಯೂಟರ್

ಅಲ್ಲಿಗೆ ಹೋಗಲು ಮೌಸ್ ನಡೆಯುವುದಿಲ್ಲ. ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಬೇಕು. ಅದಕ್ಕೆ ಬೇಕಾದ ಸಾಧನಗಳನ್ನು ಇನ್‌ಸ್ಟಾಲ್ ಮಾಡುತ್ತಿದ್ದಾಗ, ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಅಕ್ಕ ನನ್ನ ಹಿಂದೆ ನಿಂತು ನೋಡಿದರು.

"ಎಂತ ಇದು, ಬರೀ ಕಪ್ಪು? ಚಿತ್ರ ಬರುದಿಲ್ವಾ?"

"ಇಲ್ಲ ಅಕ್ಕ, ಇದು ಹೀಗೆಯೇ."

ಅವರು ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದ್ದು ನನಗೂ ಕೇಳಿಸಿತು. "ಪಾಪ, ಹಾಳಾದ ಕಂಪ್ಯೂಟರ್ ಕೊಟ್ಟಿದ್ದಾರೆ. ಕಂಪೆನಿ ಬಡದ್ದು ಕಾಣ್ತದೆ."

೨. ಬಾಯಿ ಬಿಡದ ಸಾಧನ

ಈ ಸಾಧನಗಳಿಗೆ ಒಂದು ಗುಣವಿದೆ. ತಪ್ಪಾದರೆ ಪುಟಗಟ್ಟಲೆ ಬೈಯುತ್ತವೆ, ಸರಿಯಾದರೆ ತುಟಿಪಿಟಕ್ಕೆನ್ನುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ. ಕಮಾಂಡ್ ಕೊಟ್ಟೆ, ಉತ್ತರವಿಲ್ಲ. ಮತ್ತೆ ಕೊಟ್ಟೆ. ಆರನೆಯ ಸಲಕ್ಕೆ ಅಳುವೇ ಬಂತು. ಮ್ಯಾನೇಜರ್ ಸರ್‌ಗೆ ಫೋನ್ ಮಾಡಿದರೆ, "ಮೊದಲ ಸಲವೇ ಆಗಿದೆ. ಸುಮ್ಮನಿದ್ದರೆ ಸರಿಯಾಗಿದೆ ಅಂತ ಅರ್ಥ" ಎಂದರು.

ಅತ್ತೆಗೆ ಇದು ಆಶ್ಚರ್ಯವೇ ಆಗಲಿಲ್ಲ. "ನಿನ್ನ ಮಾವನೂ ಹಾಗೆಯೇ ಅಲ್ವಾ? ಸಾರು ಲಾಯ್ಕಾದ ದಿನ ಮಾತೇ ಇಲ್ಲ. ಉಪ್ಪು ಕಮ್ಮಿಯಾದ ದಿನ ಮಾತ್ರ ಅವರಿಗೆ ಬಾಯಿ ಉಂಟು ಅಂತ ಗೊತ್ತಾಗುದು."

೩. ನನ್ನ ಆಯುಧ

ಉಳಿದದ್ದು ಒಂದೇ ಮೆಟ್ಟಿಲು. ಕಂಪೆನಿಯವರು ಹೆಬ್ಬೆರಳಿನಷ್ಟು ಚಿಕ್ಕ ಕೀ ಒಂದನ್ನು ಕಳುಹಿಸಿದ್ದರು. ಅದನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ ಮಾತ್ರ ಕ್ಲಸ್ಟರಿನ ಬಾಗಿಲು ತೆರೆಯುವುದು. ಮಹಾನವಮಿಯ ಸಂಜೆ ಐದರೊಳಗೆ ಒಳಹೊಕ್ಕು ತೋರಿಸಬೇಕೆಂದು ಸರ್ ಗಡುವು ಕೊಟ್ಟಿದ್ದರು. ಹಿಂದಿನ ದಿನ ಅತ್ತೆ, "ಪೂಜೆಗೆ ಇಡ್ಲಿಕ್ಕೆ ನಿನ್ನ ಆಯುಧ ಯಾವುದು?" ಎಂದು ಕೇಳಿದರು. ನಾನು ಜಂಬದಿಂದ, "ಇದುವೇ ಅತ್ತೆ, ಇದಿಲ್ಲದೆ ನನ್ನ ಕೆಲಸವೇ ಇಲ್ಲ" ಎಂದು ಕೀಯನ್ನು ಕೈಯಾರೆ ಕೊಟ್ಟೆ. ನವಮಿಯ ಮಧ್ಯಾಹ್ನ ನೋಡಿದರೆ ಅದು ಕತ್ತಿ ಮತ್ತು ಮಾವನ ಪೆನ್ನುಗಳ ನಡುವೆ, ಹೂ ಮುಡಿದು ದೇವರ ಮುಂದೆ ಕೂತಿತ್ತು.

"ಅತ್ತೆ, ಹತ್ತು ನಿಮಿಷಕ್ಕೆ ಕೊಡಿ."

"ಇಟ್ಟದ್ದನ್ನು ದಶಮಿಯ ಬೆಳಗ್ಗೆಯೇ ತೆಗೆಯುದು. ಶಾಲೆಯ ಮಕ್ಕಳೇ ಪುಸ್ತಕ ಮುಟ್ಟುದಿಲ್ಲ, ನಿನ್ನದೆಂತ ಅವಸರ ಮಾರಾಯ್ತಿ?"

ಕೆಲಸ ಹೋಯಿತೆಂದುಕೊಂಡೇ ಸರ್‌ಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ತುಂಬ ಹೊತ್ತು ಸುಮ್ಮನಿದ್ದರು. ಸುಮ್ಮನಿದ್ದರೆ ಸರಿಯಾಗಿದೆ ಎಂಬ ನಿಯಮ ಮನುಷ್ಯರಿಗೂ ಉಂಟೋ ಇಲ್ಲವೋ ನನಗೆ ತಿಳಿಯಲಿಲ್ಲ. ಕೊನೆಗೆ "ನಾಳೆ ಬೆಳಗ್ಗೆ ಎಂಟಕ್ಕೆ" ಎಂದಷ್ಟೇ ಹೇಳಿ ಫೋನ್ ಇಟ್ಟರು.

ದಶಮಿಯಂದು ಅತ್ತೆ ಕೀ ಕೊಟ್ಟರು, ಜೊತೆಗೆ ಶರತ್ತು ಬೇರೆ. "ಇವತ್ತು ಮೊದಲು ದೇವರ ಹೆಸರು ಬರಿ, ಆಮೇಲೆ ಉಳಿದದ್ದು." ನೋಡಿಕೊಳ್ಳಲು ಪಕ್ಕದಲ್ಲಿಯೇ ನಿಂತರು. ಕಪ್ಪು ಪರದೆಯಲ್ಲಿ 'ಗಣಪತಿ' ಎಂದು ಟೈಪ್ ಮಾಡಿ ಎಂಟರ್ ಒತ್ತಿದೆ. ಇಂಥ ಕಮಾಂಡ್ ಇಲ್ಲ ಎಂದಿತು. ಅತ್ತೆಗೆ ಅಷ್ಟು ಸಾಕಾಯಿತು. ಆಮೇಲೆ ಕೀ ಚುಚ್ಚಿದೆ, ಕ್ಲಸ್ಟರ್ ಬಾಗಿಲು ತೆರೆದು ಒಳಗೆ ಓಡುತ್ತಿದ್ದ ಕೆಲಸಗಳ ಪಟ್ಟಿ ತೋರಿಸಿತು. ಖುಷಿಯ ಗಡಿಬಿಡಿಯಲ್ಲಿ ಪರದೆಯ ಚಿತ್ರವನ್ನು ಇಡಿಯಾಗಿ, ಗಣಪತಿ ಸಮೇತ ಸರ್‌ಗೆ ಕಳುಹಿಸಿಬಿಟ್ಟೆ.

ಕೂಡಲೇ ಉತ್ತರ ಬಂತು: "ನಿಮ್ಮ ಕೆಲಸ ಖಾಯಂ. ಆದರೆ ಆ ಮೊದಲ ಸಾಲು ಅಳಿಸಿ ಇನ್ನೊಮ್ಮೆ ಕಳುಹಿಸಿ. ಇವತ್ತು ಬೆಳಗ್ಗೆ ನನ್ನ ಅಮ್ಮನೂ ಬರೆಯಿಸಿದ ದೇವರ ಹೆಸರನ್ನು ನಾನು ಆಗಲೇ ಅಳಿಸಿದ್ದೇನೆ."