ತಾಮ್ರ ತಿಂದ ಬಸವನಹುಳುಗಳು

ಬಸವನಹುಳುವಿನ ಮೇಲೆ ಪಿಎಚ್‌.ಡಿ. ಮಾಡೋರಿಗೆ ನಗುವಿಗೆ ಬರ ಇಲ್ಲ. ಹುಳು ನಿಧಾನ, ಸುತ್ತಲಿನ ಜನ ಬಲು ಚುರುಕು.

ಗೋವಿನಕೋವಿಯ ಹೊಲ

ಸಸಿ ಮೇಯೋ ಹುಳು ಆರಿಸಿಕೊಳ್ಳಲಾ ಅಂತ ರೈತರೊಬ್ಬರನ್ನು ಕೇಳಿದೆ. ಅವರೇ ಬುಟ್ಟಿ ಕೊಟ್ಟು, ತಾವೂ ಆರಿಸಿ, ಮೇಲೆ ಟೀ ಕುಡಿಸಿದರು.

"ಒಯ್ದು ಏನ್ ಮಾಡ್ತೀರಿ ಮೇಡಂ?"

"ತಾಮ್ರದ ನ್ಯಾನೋ ಕಣ ಬಳಿದ ಎಲೆ ತಿನ್ನಿಸಿ, ಏನು ತೊಂದರೆ ಆಗುತ್ತೆ ನೋಡ್ತೀನಿ."

"ಆಮ್ಯಾಲೆ?"

"ಬರೀತೀನಿ."

ಅವರ ಮುಖ ಸಣ್ಣದಾಯ್ತು. "ಎಷ್ಟಾದ್ರೂ ಬರಕೊಳ್ರಿ. ಬದುಕಿರಾವನ್ನ ಮಾತ್ರ ತಂದು ಇಲ್ಲೇ ಬಿಡಬ್ಯಾಡ್ರಿ!"

ನ್ಯಾಮತಿಯ ಬಾಡಿಗೆ ಕೋಣೆ

ಹುಳುಗಳ ಡಬ್ಬಿ ಕಂಡು ಮನೆ ಓನರಮ್ಮ ಕೇಳಿದರು, "ತಾಮ್ರ ಒಳ್ಳೇದಲ್ವೇನ್ರೀ? ನಾನು ದಿನಾ ತಾಮ್ರದ ಚೆಂಬಲ್ಲೇ ನೀರು ಕುಡಿಯಾದು."

"ಕಣ್ಣಿಗೆ ಕಾಣದಷ್ಟು ಸಣ್ಣ ಮಾಡಿದ್ರೆ ಗುಣ ಬೇರೆ ಅಮ್ಮ. ಮೈಯೊಳಗೆಲ್ಲ ನುಗ್ಗಿಬಿಡುತ್ತೆ."

"ಗೊತ್ತಾತು ಬಿಡ್ರಿ. ನಮ್ಮನೇಲೂ ಗಿಡ್ಡಾಕಿ ಸೊಸೇನೇ ಜೋರು."

ಹಿಡಿ ಉಪ್ಪು

ಹಿಂದಿನ ಬೇಸಿಗೆಯಲ್ಲಿ ನನ್ನ ಹುಳುಗಳೆಲ್ಲ ಒಣಗಿ ಸತ್ತಿದ್ದವು. "ಈ ಸಲವೂ ಸತ್ರೆ ವಿಷಯಾನೇ ಬದಲಿಸು" ಅಂದಿದ್ದರು ಗೈಡ್. ಈ ಸಲ ನನಗೆ ಧೈರ್ಯ ಇತ್ತು. ಎರಡು ಡಬ್ಬಿ: ಒಂದಕ್ಕೆ ತಾಮ್ರ ಬಳಿದ ಕೋಸಿನ ಎಲೆ, ಇನ್ನೊಂದಕ್ಕೆ ಬರೀ ಎಲೆ. ತಾಮ್ರದವು ಮೇವು ಬಿಟ್ಟು ಸೊರಗುತ್ತಿದ್ದವು. ಪ್ರಯೋಗ ಕೈ ಹಿಡಿದಿತ್ತು, ನನಗೆ ಖುಷಿಯೋ ಖುಷಿ.

ಕೊನೇ ತೂಕಕ್ಕೆ ಎರಡು ದಿನ ಬಾಕಿ. ಕೋಣೆಗೆ ಬಂದರೆ ಓನರಮ್ಮ ಹಿಡಿ ಉಪ್ಪು ಹಿಡಿದು ಸೊರಗಿದ ಹುಳುಗಳ ಡಬ್ಬಿಗೆ ದೃಷ್ಟಿ ತೆಗೀತಾ ಇದ್ದಾರೆ!

"ಹಾದಿ ಕಣ್ಣು, ಬೀದಿ ಕಣ್ಣು, ನಾಯಿ ಕಣ್ಣು, ನರಿ ಕಣ್ಣು..."

ಆ ಉಪ್ಪು ಒಳಗೆ ಬಿದ್ದರೆ ನನ್ನ ಮೂರು ವರ್ಷ ಹುಳುವಿನ ಜೊತೆಗೇ ನೀರಾಗುತ್ತಿತ್ತು. "ಅಮ್ಮಾ, ಉಪ್ಪು!" ಅಂತ ಕಿರುಚಿದೆ.

"ಯಾಕ್ರೀ ಹಂಗೆ ಕೂಗ್ತೀರಿ? ಉಪ್ಪು ತಾಗಿದ್ರೆ ಕರಗ್ತಾವೆ ಅಂತ ನನಗೊತ್ತಿಲ್ವಾ? ಮುಚ್ಚಳದ ಮ್ಯಾಲೆ ಟವೆಲ್ ಐತೆ ನೋಡ್ರಿ" ಅಂದವರೇ ಉಪ್ಪನ್ನು ಒಲೆಗೆ ಹಾಕಿ ಬಂದರು.

ಮುಚ್ಚಳ ತೆಗೆದು ಎಣಿಸಿದೆ. ಒಂದೂ ಸತ್ತಿರಲಿಲ್ಲ. ಅಬ್ಬಾ, ಹೋದ ಜೀವ ಬಂತು!

"ಅಲ್ಲಮ್ಮ, ಬಸವನಹುಳುಗೆ ಯಾರ ಕಣ್ಣು ತಾಗುತ್ತೆ?"

"ಇನ್ಯಾರ್ದು? ದಿನಾ ಲೆನ್ಸ್ ಹಿಡ್ಕೊಂಡು ಒಂದೊಂದನ್ನೇ ನೋಡಿ, ಅವು ಬಡವಾದಷ್ಟೂ ನಗ್ತೀರಲ್ಲ, ನಿಮ್ದೇ!"